ನಿಲ್ಲದ ಗಾಡಿಯ ರೀಕಾಲ್

ಎಲ್ಲರಿಗೂ ಇರುವ ತೊಂದರೆಯನ್ನು ತೊಂದರೆ ಎಂದು ಪರಿಗಣಿಸತಕ್ಕದ್ದಲ್ಲ. ಇದು ವಾಹನ ಗುಣಮಟ್ಟ ಕಚೇರಿಯ ಮೊದಲನೆಯ ನಿಯಮ. ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ್ದಾರೆ. ಅದರ ಕೆಳಗೆ ನೀರು ಬಾರದ ನಲ್ಲಿಯೊಂದಿದೆ. ಯಾವ ಕಚೇರಿಯ ನಲ್ಲಿಯಲ್ಲೂ ನೀರು ಬಾರದ್ದರಿಂದ ಆ ಬಗ್ಗೆ ಈವರೆಗೆ ದೂರು ದಾಖಲಾಗಿಲ್ಲ.

ಡ್ರಾಯಿಂಗ್ ಮೇಷ್ಟ್ರಿಗೆ ಈ ನಿಯಮ ಗೊತ್ತಿರಲಿಲ್ಲ. ಗೊತ್ತಿದ್ದರೂ ಕಾರು ಕೊಳ್ಳದೆ ಗತಿ ಇರಲಿಲ್ಲ. ಅವರ ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹಸಿರು ಬಾವುಟ ಬೀಸಿ ಇಡೀ ರೈಲನ್ನೇ ಹೊರಡಿಸುತ್ತಿದ್ದ ಮನುಷ್ಯನಿಗೆ ಈಗ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಹೊಳೆಯಾಚೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಬಸ್ಸಿನ ಮೆಟ್ಟಿಲು ಹತ್ತಲಾಗದು, ಬಾಡಿಗೆ ಗಾಡಿಯವರು ಹೊಳೆಯ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ. ಆಸ್ಪತ್ರೆಗೆ ತಡವಾಗಿ ಹೋದರೆ ತಡವಾದಷ್ಟು ಹೊತ್ತನ್ನು ಯಂತ್ರದ ಸಮಯದಿಂದ ಕಳೆಯುತ್ತಾರೆ. ಒಳಗೆ ಉಳಿದ ನೀರು ಕಾಲಿಗಿಳಿದು ಊತ ಬರಿಸುತ್ತದೆ, ಆಮೇಲೆ ಎದೆಗೇರುತ್ತದೆ. ಅದರಾಚೆಗಿನದನ್ನು ಡಾಕ್ಟರು ಹೇಳಲಿಲ್ಲ, ಮನೆಯವರೂ ಕೇಳಲಿಲ್ಲ.

ಹೀಗಾಗಿ ಮೇಷ್ಟ್ರು ಹಳೇ ಕಾರೊಂದನ್ನು ನೋಡಲು ಹೋದರು. ಸಣ್ಣದೂ ಅಲ್ಲದ, ದೊಡ್ಡದೂ ಅಲ್ಲದ, ಹಿಂದೆ ಅಗಲ ಡಿಕ್ಕಿಯ ಬೂದು ಬಣ್ಣದ ಕಾರು. ಊರಲ್ಲಿ ಎರಡಕ್ಕೊಂದು ಕಾರು ಅದೇ ಮಾದರಿಯದು.

"ಡಾಕ್ಟರ್ ಇಟ್ಕೊಂಡಿದ್ದ ಗಾಡಿ ಸಾರ್. ಮನೆ ಬಿಟ್ರೆ ಕ್ಲಿನಿಕ್ಕು, ಕ್ಲಿನಿಕ್ ಬಿಟ್ರೆ ಮನೆ," ಎಂದ ಬ್ರೋಕರ್. ಹಳೇ ಕಾರಿನ ಬ್ರೋಕರುಗಳನ್ನು ನಂಬಿದರೆ ಜಗತ್ತಿನ ಡಾಕ್ಟರುಗಳೆಲ್ಲ ಕಾರು ಕೊಳ್ಳುವುದೇ ಮಾರುವುದಕ್ಕೆ. ಮೇಷ್ಟ್ರು ಅವರಿವರಿಂದ ಕೇಳಿ ತಿಳಿದದ್ದನ್ನೆಲ್ಲ ಪರೀಕ್ಷಿಸಿದರು. ಮ್ಯಾಟ್ ಎತ್ತಿ ತುಕ್ಕು ಹುಡುಕಿದರು, ಹೊಗೆಯ ಬಣ್ಣ ನೋಡಿದರು, ಗೇರು ಬದಲಿಸುವಾಗ ಜರ್ಕ್ ಹೊಡೆಯುತ್ತದೆಯೇ, ಸ್ಟೀರಿಂಗ್ ಒಂದೇ ಕಡೆಗೆ ಎಳೆಯುತ್ತದೆಯೇ ಎಂದು ನೋಡಿದರು. ಕೊನೆಗೆ ಬಾನೆಟ್ ಎತ್ತಿಸಿ, ಮಕ್ಕಳ ಚಿತ್ರಕ್ಕೆ ಅಂಕ ಕೊಡುವಾಗಿನ ಗಾಂಭೀರ್ಯದಿಂದ ಎಂಜಿನ್ನನ್ನು ನೋಡಿ "ಹೂಂ" ಎಂದರು. ಎಲ್ಲವೂ ಸರಿಯಾಗಿತ್ತು.

ಮೊದಲ ದಿನ ಸೇತುವೆಯ ಏರಿನಲ್ಲಿ ಕಾರು ನಿಂತುಹೋಯಿತು. ಕೆಮ್ಮಲಿಲ್ಲ, ಕುಲುಕಲಿಲ್ಲ, ಸುಮ್ಮನೆ ನಿಂತಿತು. ಎಂಜಿನ್ ಬಿಸಿಯಾಗಿ ಏರು ಸಿಕ್ಕಿದ ಕೂಡಲೇ, ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪು ಕೆಲಸ ಬಿಡುತ್ತಿತ್ತು. ಅಷ್ಟು ಹೊತ್ತಿಗೆ ಮುಂದೆ ಅದೇ ಮಾದರಿಯ ಕಾರುಗಳ ಸಾಲೇ ನಿಂತಿತ್ತು. ಒಳಗಿದ್ದವರು ಪೇಪರ್ ಓದುತ್ತಿದ್ದರು. ಗಾಡಿ ತಳ್ಳುವವರು, ಟೀ ಮಾರುವವರು, ಕೊಡೆ ಬಾಡಿಗೆಗೆ ಕೊಡುವವರು ಸಾಲಿನುದ್ದಕ್ಕೂ ಓಡಾಡುತ್ತಿದ್ದರು. ಸೇತುವೆಯ ಮೇಲೆ ಒಂದು ಸಂಸಾರವೇ ನಡೆಯುತ್ತಿತ್ತು.

"ಅಳಿಯಂದಿರೇ," ಎಂದರು ಮಾವ ಹಿಂದಿನ ಸೀಟಿನಿಂದ. "ಇವನೂ ನಮ್ಮನೆ ಅಳಿಯನೇ ಬಿಡಿ. ಉಪಚಾರ ಮಾಡದೆ ಎದ್ದು ಬರೋ ಜಾತಿಯಲ್ಲ."

ಅಂದಿನಿಂದ ಕಾರಿನ ಹೆಸರು ಚಿಕ್ಕಳಿಯ ಎಂದಾಯಿತು. ದೊಡ್ಡಳಿಯ ಇಳಿದು ತಳ್ಳಿದರು.

ಹೀಗೇ ಕೆಲವು ವಾರ ನಡೆಯಿತು. ಮಾವನ ಚಪ್ಪಲಿ ಕಾಲಿಗೆ ಹತ್ತದಾದಾಗ ಮೇಷ್ಟ್ರು ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರು. ಟೈ ಕಟ್ಟಿದ ಸಲಹೆಗಾರನೊಬ್ಬ ನೀರು ಕೊಟ್ಟು, ಕುರ್ಚಿ ಕೊಟ್ಟು, ಪೂರ್ತಿ ಕೇಳಿಸಿಕೊಂಡ.

"ಸೇತುವೆ ಮೇಲೆ ನಿಲ್ಲುತ್ತಾ ಸಾರ್? ನಿಲ್ಲಬೇಕು. ಎಲ್ಲಾ ಗಾಡೀನೂ ನಿಲ್ಲುತ್ತೆ."

"ಹಾಗಾದ್ರೆ ಎಲ್ಲದರಲ್ಲೂ ದೋಷ ಇದೆ ಅಂತಾಯ್ತಲ್ಲ?"

"ಎಲ್ಲದರಲ್ಲೂ ಇದ್ರೆ ಅದು ದೋಷ ಹೇಗಾಗುತ್ತೆ ಸಾರ್? ನೆಗಡಿ ಎಲ್ಲರಿಗೂ ಬರುತ್ತೆ. ಮೂಗು ವಾಪಸ್ ಕೊಡೋಕೆ ಹೋಗ್ತೀರಾ?"

ಮೇಷ್ಟ್ರು ಮೂಗು ಮುಟ್ಟಿ ನೋಡಿಕೊಂಡರು. ಈ ಪಂಪಿನ ಬಗ್ಗೆ ರೀಕಾಲ್ ಆಗಿದೆ, ಕಂಪನಿ ಗಾಡಿಗಳನ್ನು ವಾಪಸ್ ಕರೆಸಿ ಪುಕ್ಕಟೆ ಸರಿಮಾಡಿಕೊಡುತ್ತದೆ ಎಂದು ಪೇಪರಿನಲ್ಲಿ ಓದಿದ್ದನ್ನು ನೆನಪಿಸಿದರು. ಸಲಹೆಗಾರ ಹೌದೆಂದ. ಗಾಡಿಗಳನ್ನು ಕರೆಸಿದ್ದೇನೋ ನಿಜ. ಪರೀಕ್ಷಿಸಿದಾಗ ಎಲ್ಲದರಲ್ಲೂ ಒಂದೇ ತೊಂದರೆ ಕಂಡುಬಂದು, ಗುಣಮಟ್ಟದಲ್ಲಿ ಇಷ್ಟು ಏಕರೂಪತೆ ಸಾಧಿಸಿದ್ದಕ್ಕೆ ವಾಹನ ಗುಣಮಟ್ಟ ಕಚೇರಿಯವರು ಕಂಪನಿಗೆ ಪ್ರಶಸ್ತಿ ಕೊಟ್ಟರು. ಫಲಕ ಅವನ ಬೆನ್ನ ಹಿಂದೆಯೇ ಇತ್ತು.

"ನಿಮ್ಮ ಮೂಗು, ಅವರ ಫಲಕ. ಚೆನ್ನಾಗಿದೆ," ಎಂದಳು ಮೇಷ್ಟ್ರ ಹೆಂಡತಿ, ಸಂಜೆ ಎಲ್ಲ ಕೇಳಿದ ಮೇಲೆ. "ರೀ, ನೀವು ಕೋಣನ ಮುಂದೆ ಕಿನ್ನರಿ ಬಾರಿಸ್ತಾ ಕೂತ್ಕೊಳ್ಳಿ. ಅಷ್ಟರಲ್ಲಿ ಅಪ್ಪನ ಕಾಲು ಕಂಬ ಆಗುತ್ತೆ."

ಮರುದಿನ ಅವಳೇ ಗಾಡಿಯನ್ನು ರಸ್ತೆ ಬದಿಯ ಗ್ಯಾರೇಜಿಗೆ ಒಯ್ದು ಬೇರೆ ಕಂಪನಿಯ ಪಂಪು ಹಾಕಿಸಿಕೊಂಡು ಬಂದಳು. ಮೆಕ್ಯಾನಿಕ್ ದುಡ್ಡು ಎಣಿಸಿಕೊಂಡು, ತನ್ನ ಹೆಸರು ಎಲ್ಲೂ ಹೇಳಬಾರದೆಂದು ಕೇಳಿಕೊಂಡಿದ್ದ.

ಚಿಕ್ಕಳಿಯ ಸೇತುವೆಯ ಮೇಲೆ ನಿಲ್ಲಲಿಲ್ಲ. ಏರು ಹತ್ತಿ, ಇಳಿದು, ಆಸ್ಪತ್ರೆಯ ಬಾಗಿಲಿಗೆ ಹೊತ್ತಿಗೆ ಮುಂಚೆ ಮುಟ್ಟಿದ. ಯಂತ್ರದ ಮೇಲೆ ಪೂರ್ತಿ ಸಮಯ ಸಿಕ್ಕಿತು. ಮಾವನ ಕಾಲಿನ ಊತ ಇಳಿಯಿತು, ಚಪ್ಪಲಿ ಹತ್ತಿತು, ಬೈಯುವ ಶಕ್ತಿ ಮರಳಿತು. ಒಂದು ದಿನ ವಾಪಸ್ ಬರುವಾಗ ಅವರು ಕಿಟಕಿ ಇಳಿಸಿ ಹೊಳೆಯ ಗಾಳಿಗೆ ಮುಖವೊಡ್ಡಿ, ಕೈ ಹೊರಚಾಚಿ ಇಲ್ಲದ ಬಾವುಟವನ್ನು ಬೀಸಿದರು. ಮೇಷ್ಟ್ರು ಅದನ್ನು ಕನ್ನಡಿಯಲ್ಲಿ ಕಂಡರು. ಮದುವೆಯಾದಾಗಿನಿಂದ ಮಾವನನ್ನು ಇಷ್ಟು ಸಂತೋಷಪಡಿಸಿದ ನೆನಪು ಅವರಿಗಿರಲಿಲ್ಲ.

ಅದೇ ಸೇತುವೆಯ ತುದಿಯಲ್ಲಿ ಪೊಲೀಸಿನವನು ಸೀಟಿ ಊದಿದ.

"ಯಾಕ್ರೀ ನಿಲ್ಲಿಸಲಿಲ್ಲ?"

"ಯಾಕೆ ನಿಲ್ಲಿಸ್ಬೇಕು?"

"ಎಲ್ಲರೂ ನಿಲ್ತಾರಲ್ಲ. ನಿಮ್ಮದೊಂದು ಸ್ಪೆಷಲ್ಲಾ? ತಳ್ಳೋರು ಕಂಪ್ಲೇಂಟ್ ಕೊಟ್ಟಿದಾರೆ, ಟೀಯವರು ಕೊಟ್ಟಿದಾರೆ. ನಿಂತಿರೋ ಗಾಡಿಯವರೂ ಕೊಟ್ಟಿದಾರೆ, ನಿಮ್ಮನ್ನ ನೋಡಿ ಅವರ ಮನಸ್ಸಿಗೆ ನೋವಾಗಿದೆಯಂತೆ."

ಆ ವಾರವೇ ಗುಣಮಟ್ಟ ಕಚೇರಿಯಿಂದ ಮನೆಗೆ ನೋಟೀಸು ಬಂತು:

"ತಮ್ಮ ವಾಹನವು ಸದರಿ ಮಾದರಿಯ ಇತರ ವಾಹನಗಳು ನಿಲ್ಲುವ ಸ್ಥಳದಲ್ಲಿ ನಿಲ್ಲದೆ ಪದೇ ಪದೇ ಮುಂದಕ್ಕೆ ಚಲಿಸುತ್ತಿರುವುದು ಗಮನಕ್ಕೆ ಬಂದಿದ್ದು, ಇದು ಗಂಭೀರ ಸ್ವರೂಪದ ದೋಷವಾಗಿರುತ್ತದೆ. ಆದ್ದರಿಂದ ವಾಹನವನ್ನು ರೀಕಾಲ್ ಮಾಡಲಾಗಿದೆ. ದೋಷ ನಿವಾರಣೆಯಾಗುವವರೆಗೆ ವಾಹನವನ್ನು ಚಲಾಯಿಸಕೂಡದು. ಕೂಡಲೇ ವಾಹನವನ್ನು ಚಲಾಯಿಸಿಕೊಂಡು ಬಂದು ಸರ್ವಿಸ್ ಸೆಂಟರಿಗೆ ಒಪ್ಪಿಸತಕ್ಕದ್ದು. ತಪ್ಪಿದಲ್ಲಿ ನೋಂದಣಿ ರದ್ದಾಗಿ, ವಾಹನವು ಗುಜರಿಗೆ ಸೇರುವುದು. ಈ ಸೇವೆ ಸಂಪೂರ್ಣ ಉಚಿತ."

ಸಲಹೆಗಾರ ಈ ಸಲ ಕುರ್ಚಿಯ ಜೊತೆಗೆ ದಿಂಬನ್ನೂ ಕೊಟ್ಟ.

"ಹೆದರ್ಕೋಬೇಡಿ ಸಾರ್. ಸರಿಯಾದ ಟೈಮಲ್ಲಿ ಬಂದಿದೀರಿ. ಇಂಥದ್ದನ್ನ ಹಾಗೇ ಬಿಟ್ರೆ ಕೈ ಮೀರಿ ಹೋಗುತ್ತೆ. ಹಳೇ ಪಂಪು ಹಾಕಿ ಗಾಡೀನ ಮೊದಲಿನ ಹಾಗೆ ಮಾಡಿಕೊಡ್ತೀವಿ."

ಮೇಷ್ಟ್ರು ಎದ್ದು ನಿಂತು ಕೈಮುಗಿದರು. ಶಾಲೆಯ ಇನ್‌ಸ್ಪೆಕ್ಟರಿಗೂ ಅವರು ಹಾಗೆ ಮುಗಿದವರಲ್ಲ. "ನೋಡಪ್ಪಾ, ನಮ್ಮ ಮಾವನಿಗೆ ಎರಡೂ ಕಿಡ್ನಿ ಇಲ್ಲ. ಈ ಗಾಡಿ ನಿಂತ್ರೆ ಅವರು ಉಳಿಯಲ್ಲ."

ಸಲಹೆಗಾರ ಕೊಂಚ ಯೋಚಿಸಿದ. "ಎಲ್ಲರ ಮಾವಂದಿರಿಗೂ ಹೀಗೇ ಆಗಿದೆಯಾ ಸಾರ್?"

"ಇಲ್ಲ."

"ಹಾಗಾದ್ರೆ ದೋಷ ಅವರಲ್ಲಿದೆ. ಅದು ನಮ್ಮ ಕಂಪನಿ ವ್ಯಾಪ್ತಿಗೆ ಬರಲ್ಲ."

ಅತ್ತ ದರಿ, ಇತ್ತ ಪುಲಿ. ಒಪ್ಪಿಗೆ ಪತ್ರಕ್ಕೆ ರುಜು ಹಾಕದಿದ್ದರೆ ಗಾಡಿಯೇ ಇಲ್ಲ, ಹಾಕಿದರೆ ನಿಲ್ಲುವ ಗಾಡಿ. ನಿಲ್ಲುವ ಗಾಡಿಯಾದರೂ ಕೊನೆಗೆ ಹೊರಡುತ್ತದಲ್ಲ ಎಂದು ಮೇಷ್ಟ್ರು ರುಜು ಹಾಕಿದರು. ದೋಷ ನಿವಾರಣೆಯಾದ ಬಗ್ಗೆ ಗಾಜಿಗೆ ಹಸಿರು ಚೀಟಿ ಅಂಟಿಸಿ, ಬೀಗದ ಕೈ ಜೊತೆ ಒಂದು ಹೂವನ್ನೂ ಕೊಟ್ಟರು. ಹೆಂಡತಿ ಹೂವನ್ನು ತೆಗೆದುಕೊಳ್ಳಲಿಲ್ಲ, ಅಂದು ರಾತ್ರಿ ಊಟವನ್ನೂ ಮಾಡಲಿಲ್ಲ.

ಚಿಕ್ಕಳಿಯ ಮತ್ತೆ ಏರಿನಲ್ಲಿ ನಿಂತ. ತಳ್ಳುವವರು ಮನೆಮಗ ಬಂದಂತೆ ಸ್ವಾಗತಿಸಿದರು. ಪೊಲೀಸಿನವನು ದೂರದಿಂದಲೇ ಸಲಾಮು ಹೊಡೆದ. ಮಾವ ಒಂದು ಮಾತೂ ಆಡಲಿಲ್ಲ. ತಮಾಷೆಗೂ ಉಸಿರು ಬೇಕಾಗುತ್ತದೆ.

ರೋಗಿಗಳು ಸೇತುವೆಯ ಮೇಲೆಯೇ ಹೆಚ್ಚು ಹೊತ್ತು ಕಳೆಯುತ್ತಿದ್ದಾರೆಂಬ ವರದಿ ಆಸ್ಪತ್ರೆಯನ್ನು ತಲುಪಿತು. ಆಸ್ಪತ್ರೆಯವರು ಸುಮ್ಮನೆ ಕೂರಲಿಲ್ಲ. ಸೇತುವೆಯ ಮಧ್ಯದಲ್ಲೇ ಡೇರೆ ಹಾಕಿ, ಡಯಾಲಿಸಿಸ್ ಯಂತ್ರಗಳನ್ನು ತಂದಿಟ್ಟರು. ಉದ್ಘಾಟನೆಗೆ ಹೊರಟ ಮಂತ್ರಿಗಳ ಗಾಡಿಯೂ ಅದೇ ಮಾದರಿಯದಾದ್ದರಿಂದ ಏರಿನ ಬುಡದಲ್ಲಿ ನಿಂತಿತು. ರಿಬ್ಬನ್ನನ್ನೇ ಅಲ್ಲಿಗೆ ಒಯ್ದು ಕತ್ತರಿಸಿಕೊಂಡು ಬಂದರು. ಯಂತ್ರಗಳಿಗೆ ಕರೆಂಟು ಕೊಡುವ ಜನರೇಟರ್ ಕಂಪನಿಯ ಕೊಡುಗೆ. ಅದರ ಪಂಪೂ ಅದೇ. ಬಿಸಿಯಾದ ಮೇಲೆ ಅದು ನಿಲ್ಲುತ್ತದೆ, ಯಂತ್ರಗಳೂ ನಿಲ್ಲುತ್ತವೆ, ಆರಿದ ಮೇಲೆ ಮತ್ತೆ ಹೊರಡುತ್ತವೆ.

ಮೇಷ್ಟ್ರು ಒಮ್ಮೆ ಡೇರೆಯ ಡಾಕ್ಟರಿಗೆ ಮಾವನ ಕಾಲು ತೋರಿಸಿದರು. ಹೆಬ್ಬೆರಳು ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು. ಡಾಕ್ಟರು ಹೊದಿಕೆಗಳನ್ನು ಒಂದೊಂದಾಗಿ ಸರಿಸಿ ಉಳಿದ ರೋಗಿಗಳ ಕಾಲುಗಳನ್ನೂ ತೋರಿಸಿದರು. ಎಲ್ಲರ ಕಾಲೂ ಊದಿತ್ತು.

"ನೋಡಿ, ಎಲ್ಲರಿಗೂ ಇದೆ," ಎಂದರು ಡಾಕ್ಟರು.

ಮೇಷ್ಟ್ರಿಗೆ ಎದೆಯ ಭಾರ ಇಳಿಯಿತು. ಅಂದಿನಿಂದ ಅವರಿಗೆ ನಿದ್ದೆಯೂ ಚೆನ್ನಾಗಿ ಬರತೊಡಗಿತು.

ಈಗ ವಾರಕ್ಕೆ ಮೂರು ದಿನ ಅವರು ಡೇರೆಯ ಹೊರಗೆ ಬೆಂಚಿನ ಮೇಲೆ ಟೀ ಕುಡಿಯುತ್ತಾ ಕೂರುತ್ತಾರೆ. ಮೊನ್ನೆ ಹಾಗೆ ಕೂತಿದ್ದಾಗ ಅದೇ ಮಾದರಿಯ ಕೆಂಪು ಕಾರೊಂದು ಏರಿನಲ್ಲಿ ನಿಲ್ಲದೆ ಸರಾಗವಾಗಿ ಹತ್ತಿ ಬಂತು. ಓಡಿಸುತ್ತಿದ್ದವಳು ಹೆದರಿದ ಮುಖದ ಹುಡುಗಿ. ಹಿಂದಿನ ಸೀಟಿನಲ್ಲಿ ಮುದುಕಿಯೊಬ್ಬಳು ಕಿಟಕಿ ಇಳಿಸಿ, ಕಣ್ಣು ಮುಚ್ಚಿ, ಹೊಳೆಯ ಗಾಳಿಗೆ ಮುಖವೊಡ್ಡಿ ಕೂತಿದ್ದಳು. ಕಾರು ಡೇರೆಯನ್ನು ದಾಟಿ ಆಸ್ಪತ್ರೆಯ ಕಡೆಗೆ ಇಳಿದುಹೋಯಿತು.

"ಅಯ್ಯೋ ಪಾಪ," ಎಂದರು ಮೇಷ್ಟ್ರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. "ಗಾಡಿಗೆ ಏನೋ ಆಗಿದೆ, ಅವರಿಗೆ ಗೊತ್ತಿಲ್ಲ ಅಂತ ಕಾಣುತ್ತೆ."

ಟೀ ಲೋಟವನ್ನು ಬೆಂಚಿನ ಮೇಲಿಟ್ಟು, ಗಾಡಿಯ ನಂಬರನ್ನು ಮರೆಯುವ ಮುಂಚೆ ಪೊಲೀಸಿನವನಿಗೆ ಹೇಳಿಬರಲು ಎದ್ದುಹೋದರು.