ಕೊಳವೆಯ ಆ ತುದಿ

ನೀರು ಇಳಿಜಾರಿನ ಕಡೆಗೆ ಹರಿಯುತ್ತದೆ ಎಂದು ಮೂರನೇ ತರಗತಿಯಲ್ಲೇ ಮೇಷ್ಟ್ರು ಕಲಿಸಿದ್ದರು. ಇಳಿಜಾರು ಯಾವ ಕಡೆಗಿದೆ ಎಂದು ಕಂಡುಹಿಡಿಯಲು ಇಬ್ಬರು ಬೇಕು ಎಂಬುದನ್ನು ಮಾತ್ರ ಆ ಪುಣ್ಯಾತ್ಮರು ಹೇಳಲಿಲ್ಲ. ನನ್ನ ಸಕಲ ಸಂಕಟಗಳಿಗೂ ಅದೇ ಮೂಲ.

ನನ್ನ ಹೆಂಡತಿ ನರ್ಸು. ಹೋದ ವರ್ಷ ಬಡ್ತಿ ಸಿಕ್ಕಿ ಹೆಡ್ ನರ್ಸ್ ಆದಳು. (ಮನೆಯಲ್ಲಿ ಅವಳು ಮೊದಲಿನಿಂದಲೂ ಹೆಡ್, ನಾನು ಹೆಡ್ಡ.) ಬಡ್ತಿಯ ಬೆನ್ನಿಗೇ ಬಸ್ಸಿನಲ್ಲಿ ಆರು ಗಂಟೆ ದೂರದ ಊರಿಗೆ ವರ್ಗವೂ ಆಯಿತು. ಹದಿನೈದು ದಿನಕ್ಕೊಮ್ಮೆ ಶನಿವಾರ ಬರುತ್ತಾಳೆ, ಭಾನುವಾರ ಸಂಜೆ ಹೊರಡುತ್ತಾಳೆ. ಅಲ್ಲಿ ಒಗೆಯಲು ಜಾಗವಿಲ್ಲವೆಂದು ಒಂದು ಗಂಟು ಬಿಳಿ ಸಮವಸ್ತ್ರಗಳನ್ನು ಹೊತ್ತು ತರುತ್ತಾಳೆ. ಇಲ್ಲಿನ ಬಚ್ಚಲೂ ಅಷ್ಟಕ್ಕಷ್ಟೇ. ಕೈ ಎತ್ತಿದರೆ ಮೊಣಕೈ ಗೋಡೆಗೆ ತಾಗುತ್ತದೆ. ಬೈದುಕೊಂಡೇ ಒಗೆಯುತ್ತಾಳೆ. ಆ ಬೈಗುಳವೂ ನನಗೆ ಇಂಪೇ. ಉಳಿದ ದಿನಗಳಲ್ಲಿ ಈ ಮನೆಯಲ್ಲಿ ದನಿ ತೆಗೆಯುವುದು ಫ್ರಿಜ್ಜು ಒಂದೇ.

ಒಂದು ಸೋಮವಾರ ನನಗೆ ಜ್ಞಾನೋದಯವಾಯಿತು. ಅಡುಗೆಮನೆಯ ಹಿಂದೆ ಬಟ್ಟೆ ಒಗೆಯಲೆಂದೇ ವಿಶಾಲವಾದ ಕೋಣೆಯೊಂದನ್ನು ಕಟ್ಟಿಬಿಟ್ಟರೆ? ಸುಖವಾಗಿ ಒಗೆಯುತ್ತಾಳೆ. ಸುಖ ಕಂಡವಳು ಸೋಮವಾರ ಬೆಳಗಿನವರೆಗಾದರೂ ಉಳಿದಾಳು. ಕಟ್ಟುವುದು ಸ್ವಹಸ್ತದಿಂದ! ಕೈ ಕೆಸರಾದರೆ ಬಾಯಿ ಮೊಸರು ಅಲ್ಲವೇ? ಪಾರ್ಸೆಲ್ ಆಫೀಸಿನಲ್ಲಿ ಹತ್ತು ದಿನ ರಜೆ ಬರೆದೆ.

ಗೋಡೆ ಏಳಿಸುವುದು ಕಷ್ಟವಾಗಲಿಲ್ಲ. ಕಷ್ಟವಿದ್ದದ್ದು ಕೊಳೆನೀರಿನ ವಿಚಾರ. ಕೋಣೆಯಿಂದ ಬೀದಿ ಬದಿಯ ಚರಂಡಿ ಚೇಂಬರಿಗೆ ಇಪ್ಪತ್ತಡಿ. ಪೈಪು ಅಡಿಗೆ ಕಾಲಿಂಚಿನಂತೆ ಇಳಿಯುತ್ತಾ ಹೋಗಬೇಕು. ಮೂರು ಬಣ್ಣದ ಪೆನ್ಸಿಲಿನಲ್ಲಿ ನಕ್ಷೆ ಬರೆದು, ಹಾರ್ಡ್‌ವೇರ್ ಅಂಗಡಿಯವರಿಗೆ ತೋರಿಸಿದೆ. ಅವರು ನಕ್ಷೆಯನ್ನು ಸುರುಳಿ ಸುತ್ತಿ ವಾಪಸು ಕೊಟ್ಟು, ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಂದನ್ನು ಮುಂದಿಟ್ಟರು.

"ಇದರಲ್ಲಿ ನೀರು ತುಂಬಿಸಿ ಸಾರ್. ಎರಡೂ ತುದೀಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲತ್ತೆ. ಅಲ್ಲಲ್ಲಿ ಗೋಡೆಗೆ ಗುರುತು ಹಾಕ್ಕೊಂಡು ಕೆಳಗೆ ಅಳೀರಿ. ಆ ತುದಿ ಹಿಡಿಯೋಕೆ ಯಾರಿದ್ದಾರೆ?"

"ಕಿಟಕಿ ಇದೆ" ಎಂದೆ.

"ಕಿಟಕಿಗೆ ಕಣ್ಣಿಲ್ವಲ್ಲ ಸಾರ್."

ನಾನು ನಕ್ಕು ಬಂದೆ. ಕೊಳವೆಯ ಒಂದು ತುದಿಯನ್ನು ಅಡುಗೆಮನೆಯ ಕಿಟಕಿ ಸರಳಿಗೆ ಕಟ್ಟಿ, ನೀರು ನಿಂತಲ್ಲಿ ಗುರುತು ಹಾಕಿದೆ. ಇನ್ನೊಂದು ತುದಿ ಹಿಡಿದು ಚೇಂಬರಿನ ಬಳಿಗೆ ಹೋಗಿ, ಕಣ್ಣಿನ ಎತ್ತರಕ್ಕೆ ಎತ್ತಿ, ಅಲ್ಲೂ ಗುರುತು ಹಾಕಿದೆ. "ಸರಿಯಾಗಿದೆಯಾ?" ಎಂದು ಅಭ್ಯಾಸಬಲದಿಂದ ಕೂಗಿದೆ. ಉತ್ತರ ಬರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡು ಪೈಪು ಹೂತು, ಮೇಲೆ ಸಿಮೆಂಟ್ ಎಳೆದೆ. ಪರೀಕ್ಷೆಗೆಂದು ಒಂದು ಚೊಂಬು ನೀರನ್ನೂ ಹೊಯ್ಯಲಿಲ್ಲ. ಉದ್ಘಾಟನೆ ಅವಳ ಅಮೃತಹಸ್ತದಿಂದಲೇ ಆಗಬೇಕಿತ್ತು.

ಶನಿವಾರ ಬಂದವಳು ಬಾಗಿಲಲ್ಲೇ ನಿಂತಳು. "ರೀ, ಇದೆಲ್ಲ ನೀವೇ ಮಾಡಿದ್ರಾ?"

"ಮತ್ತೆ ಯಾರು?"

ಅವಳ ಮುಖ ಅರಳಿದ್ದನ್ನು ನೋಡಲು ನನಗೆ ಸಿಕ್ಕಿದ್ದು ಮೂರು ಬಕೆಟ್ಟಿನಷ್ಟು ಸಮಯ. ಮೊದಲನೆಯದು ಗುಳುಗುಳು ಎಂದು ಒಳಹೋಯಿತು. ಎರಡನೆಯದು ಯೋಚಿಸುತ್ತಾ ನಿಂತಿತು. ಮೂರನೆಯದು ಹಿಂದಿನೆರಡನ್ನೂ ಕರೆದುಕೊಂಡು ಜಾಲರಿಯಿಂದ ಮೇಲೆದ್ದು, ಹೊಸ್ತಿಲು ದಾಟಿ ಅಡುಗೆಮನೆಗೆ ಬಂತು.

"ಅಯ್ಯೋ, ಅಕ್ಕಿ ಡಬ್ಬ ಎತ್ರೀ! ಎಂಥ ಮಟ್ಟ ನೋಡಿದ್ರಿ ನೀವು?"

"ಮಟ್ಟ ಸರಿಯಾಗೇ ಇತ್ತು ಕಣೇ!"

"ನಿಮ್ಮ ಮಟ್ಟ ಮದುವೆಯಾದಾಗಿಂದ ನೋಡ್ತಾ ಇದೀನಿ. ಆ ಕೊಳವೆ ತನ್ನಿ ಇಲ್ಲಿ."

ಮರುದಿನ ಬೆಳಿಗ್ಗೆ ಅವಳು ಕಿಟಕಿಯ ಬಳಿ ಒಂದು ತುದಿ ಹಿಡಿದು ನಿಂತಳು, ನಾನು ಚೇಂಬರಿನ ಬಳಿ. ನಾನು ತುದಿ ಎತ್ತಿದೊಡನೆ ಕೂಗಿದಳು, "ರೀ, ಇಲ್ಲಿ ನೀರು ಮೇಲಕ್ಕೆ ಬಂತು!" ಆಗ ಅರ್ಥವಾಯಿತು. ಮೊದಲ ಸಲ ನಾನು ಚೇಂಬರಿನ ಬಳಿ ತುದಿ ಎತ್ತಿದಾಗಲೂ ಕಿಟಕಿಯ ಕಡೆ ನೀರು ಏರಿ, ಅಲ್ಲಿನ ಗುರುತನ್ನು ಮುಳುಗಿಸಿತ್ತು. ಎರಡು ಗುರುತು ಒಂದೇ ಮಟ್ಟದಲ್ಲಿರದೆ, ಪೈಪು ಮನೆಯ ಕಡೆಗೇ ಇಳಿದಿತ್ತು. ನೋಡಿ ಹೇಳಲು ಕಿಟಕಿಯ ಬಳಿ ಯಾರೂ ಇರಲಿಲ್ಲ, ಅಷ್ಟೇ.

"ಸ್ವಲ್ಪ ಕೆಳಗೆ... ಅಷ್ಟೊಂದಲ್ಲ! ಹಾಂ, ಅಲ್ಲಾಡಬೇಡಿ. ಉಸಿರು ಬಿಡಬೇಡಿ!"

"ಉಸಿರಿಗೂ ನೀರಿಗೂ ಏನು ಸಂಬಂಧ?"

"ಬಿಟ್ರೆ ನೀವು ಮಾತಾಡ್ತೀರಿ!"

ಇಪ್ಪತ್ತಡಿ ಅಂತರದಲ್ಲಿ ನಿಂತು ಒಂದು ಗಂಟೆ ಬಾಯಿಗೆ ಬಾಯಿ ಕೊಟ್ಟೆವು. ಗುರುತು ಸರಿಹೋದ ಮೇಲೂ ನಾನು ಇನ್ನೆರಡು ಬಾರಿ ಅಳೆಸಿದೆ. ಅನುಮಾನವೇನೂ ಇರಲಿಲ್ಲ. ಸಂಜೆ ಅವಳು ಒಗೆಯದ ಗಂಟನ್ನೇ ಹೊತ್ತು ಬಸ್ಸು ಹತ್ತಿದಳು.

ಮುಂದಿನ ಎರಡು ವಾರ ಆಫೀಸಿನಿಂದ ಬಂದು ಸಿಮೆಂಟ್ ಒಡೆದೆ, ಪೈಪು ಎಬ್ಬಿಸಿದೆ, ಹೊಸ ಗುರುತಿಗೆ ಹಾಸಿದೆ. ಹೂಳುವ ಮೊದಲು ಹತ್ತು ಬಕೆಟ್ ನೀರು ಹೊಯ್ದೆ. ಒಂದು ಹನಿ ನಿಲ್ಲದೆ ಓಡಿತು. ಒಗೆಯುವ ಕಲ್ಲನ್ನು ಅವಳ ಸೊಂಟದ ಎತ್ತರಕ್ಕೆ ಹಾಕಿ, ಸೋಪಿಗೊಂದು ಗೂಡನ್ನೂ ಮಾಡಿದೆ.

ಶನಿವಾರ ಬಂದಳು. ಹೆಗಲಲ್ಲಿ ಒಂದು ಪುಟ್ಟ ಚೀಲ.

"ಗಂಟೆಲ್ಲಿ?"

"ಅಲ್ಲೇ ಒಂದು ವಾಷಿಂಗ್ ಮೆಷೀನ್ ತಗೊಂಡೆ ರೀ" ಎಂದಳು. "ಹೋದ ಸಲ ನಿಮ್ಮ ಅವಸ್ಥೆ ನೋಡಿ ಕರುಳು ಚುರುಕ್ ಅಂತು. ನನ್ನ ನಾಲ್ಕು ಬಟ್ಟೆಗೋಸ್ಕರ ಈ ವಯಸ್ಸಲ್ಲಿ ಗುದ್ದಲಿ ಹಿಡೀತೀರಲ್ಲ ಅಂತ. ಇನ್ನು ನಿಮಗೆ ಆ ತಾಪತ್ರಯ ಇಲ್ಲ. ಹದಿನೈದು ದಿನಕ್ಕೇ ಓಡಿಬರೋ ಅವಸರವೂ ಇಲ್ಲ; ತಿಂಗಳಿಗೊಂದ್ಸಲ ಬಂದ್ರಾಯ್ತು."

ನಾನು ಬಾಯಿ ತೆರೆದೆ. ಬಟ್ಟೆಗೋಸ್ಕರ ಅಲ್ಲವೇ ಅಲ್ಲ ಕಣೇ ಎಂಬ ಮಾತು ಗಂಟಲವರೆಗೆ ಬಂದು, ಮೊದಲ ಪೈಪಿನ ನೀರಿನಂತೆ ಅಲ್ಲೇ ನಿಂತಿತು. "ಒಳ್ಳೇದಾಯ್ತು ಬಿಡು" ಎಂದೆ.

ಅವಳು ಕೋಣೆಯನ್ನೆಲ್ಲ ಸುತ್ತಿ ನೋಡಿದಳು, ಕಲ್ಲಿನ ಮೇಲೆ ಕೈಯಾಡಿಸಿದಳು. "ಎಷ್ಟು ಚೆನ್ನಾಗಿ ಮಾಡಿದೀರಿ! ದಂಡವೇನಿಲ್ಲ ಬಿಡಿ. ನಿಮ್ಮ ಬಟ್ಟೆಗಾದ್ರೂ ಆಯ್ತು."

ಭಾನುವಾರ ಸಂಜೆ ಅವಳನ್ನು ಬಸ್ಸು ಹತ್ತಿಸಿ ಬಂದು, ನನ್ನ ಎರಡು ಅಂಗಿಗಳನ್ನು ನೆನೆಹಾಕಿದೆ. ಕಲ್ಲು ಅವಳ ಎತ್ತರಕ್ಕಿದೆ. ನಾನು ಬಗ್ಗಿ ಬಗ್ಗಿ ಒಗೆಯಬೇಕು.