ಅತ್ತೆಯ ಎರಡನೆಯ ಸಂಸಾರ

ನಮ್ಮ ಸೋದರತ್ತೆಗೆ ಎರಡು ಸಂಸಾರಗಳಿದ್ದವು. ಗಾಬರಿಯಾಗಬೇಡಿ, ವಿಷಯ ಮಾವನಿಗೂ ಗೊತ್ತಿತ್ತು! ಗೊತ್ತಿದ್ದದ್ದಷ್ಟೇ ಅಲ್ಲ, ಆ ಎರಡನೆಯ ಸಂಸಾರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ವಾಸ್ಕೋ ಪೇಟೆಯಿಂದ ಮನೆಗೆ ತಂದವರೇ ಅವರು.

ಅತ್ತೆ ಮಾವ ಇದ್ದದ್ದು ಗೋವಾದ ಸಡಾದಲ್ಲಿ. ಮದುವೆಯಾದ ಹೊಸದರಲ್ಲೇ ವಿಜಾಪುರದ ಕಡೆಯಿಂದ ಬಂದು ಗುಡ್ಡದ ಮೇಲೆ ಎರಡು ಕೋಣೆಯ ಮನೆ ಹೂಡಿದವರು. ಬಾಗಿಲಲ್ಲಿ ನಿಂತರೆ ಕೆಳಗೆ ಬಂದರುಕಟ್ಟೆ, ಅದರಾಚೆ ಹಡಗು. ಮಾವ ಅಲ್ಲೇ ಗುತ್ತಿಗೆದಾರನೊಬ್ಬನ ಕೈಕೆಳಗೆ ಹಡಗಿಗೆ ಕಬ್ಬಿಣದ ಕೆಂಪು ಅದಿರು ತುಂಬುವ ಕೆಲಸಕ್ಕೆ ಹೋಗುತ್ತಿದ್ದರು. ಒಬ್ಬಳೇ ಮಗಳು ಮದುವೆಯಾಗಿ ಡಿಚೋಲಿ ಸೇರಿದ್ದಳು. ಅವಳು ಖಾಲಿ ಮಾಡಿದ ಜಾಗಕ್ಕೆ ಬಂದವಳು ನಾನು. ಆಗಷ್ಟೇ ಓದು ಮುಗಿಸಿ ವಾಸ್ಕೋದ ಕನ್ನಡ ಶಾಲೆಯೊಂದರಲ್ಲಿ ಟೀಚರಾಗಿ ಸೇರಿದ್ದೆ. ಬಾಡಿಗೆ ಮನೆ ಹುಡುಕುತ್ತೇನೆ ಅಂದದ್ದಕ್ಕೆ ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಆ ವರ್ಷ ಮಾವ ಒಂದು ಡಿವಿಡಿ ಪ್ಲೇಯರ್ ತಂದರು. ಜೊತೆಗೆ ಫುಟ್‌ಪಾತಿನ ಅಂಗಡಿಯಿಂದ ಒಂದು ಭಕ್ತಿ ಸಿನಿಮಾ. ಡಬ್ಬಿಯ ಮೇಲೆ ಸಿಂಹದ ಮೇಲೆ ಕೂತ ದೇವಿ, ಸುತ್ತ ಪ್ರಭೆ. ಅಂದು ಶುಕ್ರವಾರ ಬೇರೆ. ಅತ್ತೆ ಮಿಂದು ಮಡಿಯುಟ್ಟು, ಪ್ಲೇಯರಿಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕೈ ಮುಗಿದು ಕೂತಳು. ಮಾವ ಗುಂಡಿ ಒತ್ತಿದರು. ಟೀವಿಯಲ್ಲಿ ಪ್ರತ್ಯಕ್ಷವಾದದ್ದು ಯಾರು? ಬರೀ ಚಡ್ಡಿಯಲ್ಲಿ ಬಸ್ಸಿನ ಹಿಂದೆ ಓಡುತ್ತಿದ್ದ ಒಬ್ಬ ಡೊಳ್ಳು ಹೊಟ್ಟೆಯ ಕಾರ್ಟೂನ್ ಗಂಡಸು!

ಡಬ್ಬಿ ದೇವಿಯದು, ಒಳಗಿನ ಡಿವಿಡಿ ತಟ್ಟೆಗಳು ಯಾವುದೋ ಇಂಗ್ಲಿಷ್ ಕಾರ್ಟೂನ್ ಧಾರಾವಾಹಿಯದು. ಒಂದು ಕುಟುಂಬದ ಕತೆ, ಮೊದಲ ಸೀಸನ್. ಮಾವ ನಿಲ್ಲಿಸಲು ಹೋದರು. ಅತ್ತೆ ಬಿಡಲಿಲ್ಲ.

"ತಡೀರಿ, ದೇವಿ ಇನ್ನ ಮುಂದ ಬರತಾಳ. ಮೊದಲ ಪಾಪಿಗಳನ್ನ ತೋರಸ್ತಾರ," ಅಂದಳು.

ಮುಗಿದ ಕೈ ಮುಗಿದ ಹಾಗೇ ಇತ್ತು. ಮೊದಲನೇ ಕಂತು ಮುಗಿಯಿತು, ದೇವಿ ಬರಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರ ಹೊತ್ತಿಗೆ ಅತ್ತೆ ದೇವಿಯನ್ನು ಮರೆತು, ಆ ಹೊಟ್ಟೆಯವನು ನಾಳೆ ಸಮಯಕ್ಕೆ ಸರಿಯಾಗಿ ಕೆಲಸಕ್ಕೆ ಹೋಗುತ್ತಾನೋ ಇಲ್ಲವೋ ಎಂದು ಚಿಂತೆಗೆ ಬಿದ್ದಿದ್ದಳು!

ವಾರದೊಳಗೆ ಎಲ್ಲರಿಗೂ ನಾಮಕರಣ ಆಯಿತು. ಗಂಡ ದುಂಡಪ್ಪ, ಬಿಸ್ಕೀಟು ಕಾರ್ಖಾನೆಯ ನೌಕರ. ಹೆಂಡತಿ ಶಾಂತವ್ವ, ಅವರಿಗೊಂದು ಹೆಣ್ಣು ಕೂಸು. ಮೂಲೆಯ ಕುರ್ಚಿಯಲ್ಲಿ ಸದಾ ತೂಕಡಿಸುವ ಮುದುಕ, ಶಾಂತವ್ವನ ಮಾವ. ಇವರ ಅಸಲಿ ಹೆಸರುಗಳನ್ನು ನಾನು ಒಂದೆರಡು ಸಲ ಹೇಳಿ ನೋಡಿದೆ. "ಅವು ಸಾಲ್ಯಾಗಿನ ಹೆಸರು. ಮನ್ಯಾಗ ಇವ," ಎಂದು ಅತ್ತೆ ತಳ್ಳಿಹಾಕಿದಳು.

ಅವಳ ದೊಡ್ಡ ಸಂಕಟವೆಂದರೆ ಅವರ ಕೈಗಳು.

"ಪಾಪ, ನೋಡ ಯವ್ವಾ, ಕೈಗೆ ನಾಕ ಬೆರಳು. ಕಾರ್ಖಾನಿ ಮಷೀನಿನ್ಯಾಗ ಹೋಗಿರಬೇಕು."

"ಶಾಂತವ್ವಗೂ ನಾಕ ಅದಾವಲ್ಲ ಅತ್ತಿ?"

"ಅಕೀನೂ ಮೊದಲ ಅಲ್ಲೇ ಕೆಲಸಕ್ಕ ಹೋಗಿರಬೇಕು."

"ಆ ಮುದುಕಗ?"

"ಅವಂದ ಅಲ್ಲೇನ ಕಾರ್ಖಾನಿ ನೌಕರಿ! ಮಗಗ ಕೊಡಿಸಿದಾಂವ ಯಾರಂತ ತಿಳದಿ?"

ಇಂಥವಳ ಜೊತೆ ಯಾರು ವಾದ ಮಾಡುತ್ತಾರೆ? ನಾನು ಮಾಡುತ್ತಿದ್ದೆ! ನಾನು ಟೀಚರು, ಇಂಗ್ಲಿಷ್ ಬಲ್ಲವಳು ಎಂಬ ಜಂಬ ಬೇರೆ. ಅತ್ತೆಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು 'ಟೂರಿಸ್ಟು' ಮತ್ತು 'ಓವರ್ಟೈಮು'. ಆದರೂ ತೆರೆಯ ಮೇಲಿನವರ ಮಾತು ಒಂದನ್ನೂ ಬಿಡದೆ ಕನ್ನಡದಲ್ಲಿ ಹೇಳುತ್ತಿದ್ದಳು. ದುಂಡಪ್ಪನಿಗೆ ದಪ್ಪ ದನಿ, ಶಾಂತವ್ವನಿಗೆ ಎಳೆದೆಳೆದು ಮಾತಾಡುವ ದನಿ. ಒಮ್ಮೆ ಶಾಂತವ್ವ ಕಿಟಕಿಯಲ್ಲಿ ನಿಂತು ಏನೋ ಅಂದಳು. ಅತ್ತೆಯ ಪ್ರಕಾರ ಅದು, "ನನ್ನ ತಮ್ಮನ ಲಗ್ನಕ್ಕ ಕಳಸ್ತೀರೋ ಇಲ್ಲೋ, ಒಂದ ಮಾತ ಹೇಳ್ರಿ!"

"ಅತ್ತಿ, ಅಕಿ ಇಂದು ಮೋಡ ಆಗೇತಿ ಅಂದಳು."

ಅತ್ತೆ ನನ್ನನ್ನು ಕನಿಕರದಿಂದ ನೋಡಿದಳು. "ಬಾಯಿಲೆ ಹಂಗ ಅಂದಿರಬೇಕು. ಆ ಮಾರಿ ನೋಡಿಲ್ಲೇನ? ಮೋಡದ ಸಲುವಾಗಿ ಯಾರರ ಹಂಗ ಮಾರಿ ಮಾಡ್ತಾರ?"

ನಿಜ ಹೇಳಬೇಕೆಂದರೆ, ಮತ್ತೆ ಹಿಂದಕ್ಕೆ ಓಡಿಸಿ ನೋಡಿದಾಗ ಶಾಂತವ್ವನ ಮುಖ ತಮ್ಮನ ಮದುವೆಗೆ ಹೋಗಲಾರದವಳ ಮುಖದಂತೆಯೇ ಇತ್ತು.

ಸಿಟ್ಟು ಬಂದರೆ ಅತ್ತೆ ತೆರೆಗೂ ಮನೆಗೂ ವ್ಯತ್ಯಾಸ ಇಟ್ಟವಳಲ್ಲ. ಒಂದು ಸಂಜೆ ದುಂಡಪ್ಪ ಗೆಳೆಯರ ಜೊತೆ ಮೋಜು ಮಾಡಿ, ಮಗಳ ಹುಟ್ಟುಹಬ್ಬ ಮರೆತು, ತಡವಾಗಿ ಮನೆಗೆ ಬಂದ. ಅತ್ತೆ ಎದ್ದು ನಿಂತೇಬಿಟ್ಟಳು. "ಮನೀಗ ಬರಾಕ ಇದ ಹೊತ್ತೇನ? ಆ ಕೂಸು ಬಾಗಿಲ ಕಾಯ್ಕೋತ ಕುಂತೈತಿ! ನಾಚಿಕಿ ಆಗಂಗಿಲ್ಲ ನಿನಗ?" ಎಂದು ಅವಳು ಕೂಗಿದ ಕೂಗು ಗುಡ್ಡದ ಕೆಳಗಿನ ಬಂದರಿಗೂ ಕೇಳಿಸಿರಬೇಕು.

ಪಕ್ಕದ ಮನೆಯಲ್ಲಿ ವಯಸ್ಸಾದ ಕೊಂಕಣಿ ಹೆಂಗಸೊಬ್ಬಳಿದ್ದಳು. ನಾವೆಲ್ಲ ಮಾಯ್ ಅನ್ನುತ್ತಿದ್ದೆವು. ಕನ್ನಡ ಅವಳಿಗೆ ಅಷ್ಟಕ್ಕಷ್ಟೆ. ಆದರೆ ಬೈಗುಳ ಅರ್ಥವಾಗಲು ಭಾಷೆ ಬೇಕೆ? ಅದೇ ಹೊತ್ತಿಗೆ ಸರಿಯಾಗಿ ನಮ್ಮ ಮಾವ, ಓವರ್ಟೈಮ್ ಮುಗಿಸಿ, ಕೈಯಲ್ಲಿ ಪಾವ್ ಬ್ರೆಡ್ಡಿನ ಪೊಟ್ಟಣ ಹಿಡಿದು ಏರು ಹತ್ತಿ ಬಂದರು. ಮಾಯ್ ಸೊಂಟಕ್ಕೆ ಕೈಯಿಟ್ಟು ದಾರಿಗೆ ಅಡ್ಡ ನಿಂತಳು. ಆಮೇಲೆ ಕೊಂಕಣಿಯಲ್ಲಿ ಸುರಿದದ್ದು ಆಲಿಕಲ್ಲು ಮಳೆ! ಮಾವ ಪಾವಿನ ಪೊಟ್ಟಣವನ್ನು ಎದೆಗೆ ಅವುಚಿಕೊಂಡು, ಮಾಡದ ತಪ್ಪಿಗೆ ತಲೆ ಬಗ್ಗಿಸಿ ನಿಂತರು. ಒಳಗೆ ಬಂದವರು ಅತ್ತೆಯನ್ನು ಕೇಳಿದ್ದು ಇಷ್ಟೇ:

"ನಾ ಏನ ಮಾಡೇನಿ?"

"ನೀವೇನೂ ಮಾಡಿಲ್ರಿ. ಎಲ್ಲಾ ದುಂಡಪ್ಪಂದು."

"ಹಂಗಾರ ಅವಗ ಹೇಳು, ನಾಳಿಂದ ಮಾಯ್ ಕಡಿಂದ ಅಂವ ಬೈಸ್ಕೊಳ್ಳಲಿ!"

ಅಂದಿನಿಂದ ಮಾವನಿಗೆ ಆ ಕುಟುಂಬ ಅಂದರೆ ಅಷ್ಟಕ್ಕಷ್ಟೆ. ಅತ್ತೆ ಡಿವಿಡಿ ಹಾಕಿದ ಕೂಡಲೇ ಅವರು ಟೀವಿಗೆ ಬೆನ್ನು ಮಾಡಿ ಪೇಪರು ಬಿಡಿಸುತ್ತಿದ್ದರು.

ಪ್ರತಿ ಮಳೆಗಾಲ, ಕೇಬಲ್ಲು ಕೈಕೊಟ್ಟಾಗ, ಅತ್ತೆ ಮೊದಲ ಸೀಸನ್ನನ್ನು ಮೊದಲಿನಿಂದ ನೋಡುತ್ತಿದ್ದಳು. ಗೊತ್ತಿರುವುದನ್ನೇ ಏನು ನೋಡುತ್ತೀ ಎಂದರೆ, "ಊರಿಗೆ ಹೋದಾಗ ನಿಮ್ಮವ್ವನ್ನ ಯಾಕ ನೋಡ್ತಿ? ಅಕೀನೂ ಗೊತ್ತಿದ್ದಾಕೀನ ಅಲ್ಲ?" ಎನ್ನುತ್ತಿದ್ದಳು. ಸೋಜಿಗವೆಂದರೆ ನೋಡಿದಷ್ಟೂ ಸಲ ಕತೆ ಬದಲಾಗುತ್ತಿತ್ತು! ಮೊದಲ ವರ್ಷ ದುಂಡಪ್ಪ ಶುದ್ಧ ಉಂಡಾಡಿ. ಮರುವರ್ಷ, "ಅಂವ ಕೆಟ್ಟಾಂವಲ್ಲ, ದಣದಾನ." ಮೂರನೆಯ ಮಳೆಗಾಲದ ಹೊತ್ತಿಗೆ ತಪ್ಪೆಲ್ಲ ಶಾಂತವ್ವನದು: "ಅವಗ ಒಂದ ಚಲೋ ಮಾತ ಆಡಿದ್ದು ನೋಡೀಯೇನ ನೀ?" ಆ ವರ್ಷ ಅತ್ತೆ ತಾನೂ ಮಾವನೊಂದಿಗೆ ಸ್ವಲ್ಪ ಮೆತ್ತಗೆ ಮಾತಾಡುತ್ತಿದ್ದಳು. ಮಾವ ಹೆದರಿ, "ಅಕಿಗೆ ಆರಾಮ ಇಲ್ಲೇನವಾ?" ಎಂದು ನನ್ನನ್ನು ಗುಟ್ಟಾಗಿ ಕೇಳಿದ್ದರು.

ಒಮ್ಮೆ ಸೈಬರ್ ಕೆಫೆಯಲ್ಲಿ ಹುಡುಕಿ ನೋಡಿದೆ. ಈ ಧಾರಾವಾಹಿ ಬಲು ಹೆಸರಾದದ್ದು, ವರ್ಷಾನುಗಟ್ಟಲೆ ನಡೆದಿದೆ, ಇನ್ನೂ ನಡೆಯುತ್ತಿದೆ! ಹೊಸ ಕಂತುಗಳು ಇಂಗ್ಲಿಷ್ ಚಾನೆಲ್ಲಿನಲ್ಲಿ ಬರುತ್ತವೆ ಎಂದು ತಿಳಿದು ಓಡಿಬಂದೆ. ಅತ್ತೆ ಸೀರೆ ಸರಿಮಾಡಿಕೊಂಡು, ಬೀಗರ ಮನೆಗೆ ಹೊರಟವಳಂತೆ ಕೂತಳು. ಚಾನೆಲ್ ಹಚ್ಚಿದೆ. ಬಣ್ಣವೆಲ್ಲ ಥಳಥಳ. ಗೆರೆಗಳು ನೇರ. ಮೊದಲ ಸೀಸನ್ನಿನಲ್ಲಿ ದುಂಡಪ್ಪ ನಡೆದರೆ ಗೋಡೆಯೂ ಅವನ ಜೊತೆ ಒಂದಿಷ್ಟು ಅಲುಗುತ್ತಿತ್ತು. ಶಾಂತವ್ವನ ಮೂಗು ಕಂತಿಗೊಂದು ಉದ್ದ ಇರುತ್ತಿತ್ತು. ಇಲ್ಲಿ ಅಂಥದ್ದೇನೂ ಇಲ್ಲ. ಎಲ್ಲರೂ ಪಟಪಟ ಮಾತು, ಮಾತಿಗೊಂದು ಜೋಕು.

ಅತ್ತೆ ಬಹಳ ಹೊತ್ತು ನೋಡಿದಳು.

"ಇವರು ಅವರಲ್ಲ," ಅಂದಳು.

"ಅವರ ಅತ್ತಿ. ಚಿತ್ರ ಸುಧಾರಿಸ್ಯಾರ ಅಷ್ಟ."

"ರೊಕ್ಕ ಬಂದೈತಿ ಇವರಿಗೆ. ಮನ್ಯಾಗ ಮಾತಾಡೂದು ಬಿಟ್ಟು ನೋಡಾಕ ಬಂದವರ ಜೋಡಿ ಮಾತಾಡಾಕತ್ತಾರ. ಬಂದ್ ಮಾಡು."

ಆ ಧಾರಾವಾಹಿಯ ಬಗ್ಗೆ ಇಂಟರ್ನೆಟ್ಟಿನಲ್ಲಿ ನಾನು ಓದಿದ ಉದ್ದುದ್ದ ವಿಮರ್ಶೆಗಳಲ್ಲಿ ಯಾವುದೂ ಇದಕ್ಕಿಂತ ಹೆಚ್ಚಿನದನ್ನು ಹೇಳಿರಲಿಲ್ಲ!

ಹೀಗೆ ನಗುತ್ತ ಜಗಳಾಡುತ್ತ ವರ್ಷಗಳು ಕಳೆದವು. ಆಮೇಲೊಂದು ವರ್ಷ ಮಳೆಗಾಲ ಮುಗಿದರೂ ಅದಿರಿನ ಹಡಗುಗಳು ಬರಲಿಲ್ಲ. ಗಣಿಗಳು ಬಂದ್ ಆಗಿದ್ದವು. ಸಡಾದಲ್ಲಿ ಎಷ್ಟೋ ಗಂಡಸರು ಹಗಲು ಹೊತ್ತು ಮನೆಯ ಮುಂದೆ ಕೂತಿರುವುದು ಕಾಣತೊಡಗಿತು. ನಮ್ಮ ಮಾವ ಮಾತ್ರ ಎಂದಿನಂತೆ ಬೆಳಿಗ್ಗೆ ಬುತ್ತಿ ಹಿಡಿದು ಹೊರಡುತ್ತಿದ್ದರು. "ಬ್ಯಾರೆ ಮಾಲು ಬರಾಕತ್ತೈತಿ, ನಮಗೇನ ಕೆಲಸ ಕಡಿಮಿ ಇಲ್ಲ," ಎನ್ನುತ್ತಿದ್ದರು.

ಒಂದು ದಿನ ಶಾಲೆಗೆ ಅರ್ಧ ರಜೆ. ಬಸ್ಸಿನ ಕಿಟಕಿಯಿಂದ ನೋಡಿದರೆ, ಸಮುದ್ರದ ಕಡೆ ಮುಖ ಮಾಡಿದ ಒಂದು ಕಟ್ಟೆಯ ಮೇಲೆ ಮಾವ ಒಬ್ಬರೇ ಕೂತಿದ್ದರು. ಬುತ್ತಿ ಡಬ್ಬಿ ತೊಡೆಯ ಮೇಲಿತ್ತು. ಮರುದಿನ ಬೇಕೆಂದೇ ಆ ದಾರಿಯಲ್ಲಿ ಹೋದೆ. ಅದೇ ಕಟ್ಟೆ, ಅದೇ ಮಾವ.

ಅತ್ತೆಗೆ ಹೇಳಲೇ, ಬೇಡವೇ? ಹೇಳಿದರೆ ಮಾವನ ಮಾನ ಹೋಗುತ್ತದೆ. ಹೇಳದಿದ್ದರೆ ಈ ಮನುಷ್ಯ ಎಷ್ಟು ದಿನ ಬಿಸಿಲಲ್ಲಿ ಹೀಗೆ ಕೂತಾರು? ಅತ್ತೆಯೋ ಏನೂ ಅರಿಯದವಳಂತೆ ನಸುಕಿನಲ್ಲೆದ್ದು ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಿದ್ದಳು.

ಆ ಭಾನುವಾರ ಊಟವಾದ ಮೇಲೆ ಅತ್ತೆ ಮೊದಲ ಸೀಸನ್ ಹಾಕಿದಳು. ಮಾವ ವಾಡಿಕೆಯಂತೆ ಬೆನ್ನು ತಿರುಗಿಸಿ ಪೇಪರು ಬಿಡಿಸಿದರು. ತೆರೆಯ ಮೇಲೆ ದುಂಡಪ್ಪ ಶಾಂತವ್ವ ಅಡುಗೆಮನೆಯಲ್ಲಿ ಎದುರುಬದುರು ಕೂತಿದ್ದರು. ಆ ಕಂತು ನನಗೆ ಬಾಯಿಪಾಠ. ಶಾಂತವ್ವ ಅಲ್ಲಿ ದೂರುವುದು ನೆರೆಮನೆಯ ನಾಯಿಯ ಬಗ್ಗೆ.

ಅತ್ತೆ ಶಾಂತವ್ವನ ದನಿ ತೆಗೆದಳು. ಆದರೆ ಎಂದಿನ ಎಳೆತ ಇರಲಿಲ್ಲ.

"ಅಲ್ರೀ, ನಿಮ್ಮ ಅಂಗಿ ಒಗಿಯಾಕಿ ನಾನ ಅಲ್ಲೇನ್ರಿ? ಇಷ್ಟು ವರ್ಷ ಒಗದ ನೀರು ಕುಂಕುಮ ಕಲಿಸಿದಂಗ ಕೆಂಪಗ ಹರೀತಿತ್ತು. ಈಗ ತಿಂಗಳಾತು, ತಿಳಿಯಾಗೇ ಹೊಂಟೈತಿ. ನನಗ ತಿಳಿಯಂಗಿಲ್ಲೇನ್ರಿ?"

ಬಿಸ್ಕೀಟು ಕಾರ್ಖಾನೆಯವನ ಅಂಗಿಯಿಂದ ಕೆಂಪು ನೀರು ಯಾಕೆ ಹರಿಯುತ್ತದೆ? ಕೇಳಬೇಕಾದವಳು ನಾನೇ. ತೆರೆದ ಬಾಯಿ ಮುಚ್ಚಿಕೊಂಡೆ.

ತೆರೆಯ ಮೇಲೆ ದುಂಡಪ್ಪನ ತುಟಿ ಅಲುಗಿತು. ಅತ್ತೆ ಅವನಿಗೆ ಮಾತು ಕೊಡಲಿಲ್ಲ.

"ಎಲ್ಲೋ ಬಿಸಲಾಗ ಕುಂತು ತಣ್ಣನ್ನ ರೊಟ್ಟಿ ತಿನ್ನೂದು ಯಾಕ್ರಿ? ಮನ್ಯಾಗ ಕುಂತು ಬಿಸೀದು ಉಣ್ರಿ. ಕೆಲಸ ಬಂದಾಗ ಬರತೈತಿ. ನಾ ಏನ ಕಾರ್ಖಾನಿ ಜೋಡಿ ಲಗ್ನ ಆಗೇನೇನ್ರಿ? ನಿಮ್ಮ ಜೋಡಿ ಆಗೇನಿ."

ನೆರೆಮನೆಯ ನಾಯಿ ಬೊಗಳುತ್ತ ತೆರೆಯ ಈ ತುದಿಯಿಂದ ಆ ತುದಿಗೆ ಓಡಿತು. ಮಾವ ಪೇಪರು ಮಡಿಚಿ ಕೆಳಗಿಟ್ಟರು. ತಿರುಗಿ ಕೂತರು. ಟೀವಿಯನ್ನು ನೋಡಿದರು, ಅತ್ತೆಯನ್ನು ನೋಡಲಿಲ್ಲ. ಕೇಳಿದರು:

"ಮತ್ತ... ದುಂಡಪ್ಪ ಏನಂದ?"

"ಅಂವೇನಂತಾನ್ರಿ? ಸುಮ್ನ ಕುಂತಾನ."

"ಮುಂದ?"

"ಮುಂದೇನ, ಅಕಿ ಊಟಕ್ಕ ನೀಡಿದಳು."

ಅತ್ತೆ ಎದ್ದು ಒಲೆ ಹೊತ್ತಿಸಿದಳು. ನಾವು ಉಂಡು ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ಆದರೂ ಅವಳು ಹಿಟ್ಟು ನಾದಿದಳು, ರೊಟ್ಟಿ ಬಡಿದಳು, ತಾಟು ತಂದು ಮಾವನ ಮುಂದಿಟ್ಟಳು. ಮಾವ ತಲೆ ತಗ್ಗಿಸಿ, ಆ ಬಿಸಿ ರೊಟ್ಟಿಯನ್ನು ಪೂರ್ತಿ ಉಂಡರು.