ಬೇವಿನ ನೆರಳಿಗಾಗಿ ನಡೆದ ಕುಕ್ಕುಲೋಟದ ಮಹಾಸಮರ

ಕಂಠದಲ್ಲಿ ನೆಲಸು, ಹಯಗ್ರೀವ ದೇವನೇ! ಕ್ಷೀರಸಾಗರದಿಂದೆದ್ದ ಉಚ್ಚೈಃಶ್ರವಸ್ಸಿನ ಕುಲದ ಕುಡಿಗಳು ಟಾಂಗಾ ಎಳೆಯುತ್ತಿದ್ದ ಯುಗದಲ್ಲಿ, ಚಂಡಮಾರ್ತಂಡನು ಚೈತ್ರದಲ್ಲೇ ಡಾಂಬರು ಕರಗಿಸುತ್ತಿದ್ದ ಬಯಲುಸೀಮೆಯಲ್ಲಿ, ಒಂದು ರೈಲು ನಿಲ್ದಾಣದೆದುರು ಒಂದೇ ಒಂದು ಬೇವಿನ ಮರವಿತ್ತು. ಅದರಡಿಯ ಮೊದಲ ಸ್ಥಾನದ ಅಧಿಪತಿ ಚರ್ಮಕಶಾಧರನೂ ಬೀಡಿಧೂಮಧೂಸರಶ್ಮಶ್ರುವೂ ಹುರುಳಿದಾನಪರಾಯಣನೂ ಆದ ನಬಿಸಾಬ. ಅವನ ರಥವನ್ನೆಳೆಯುವವಳು ಗುಲಾಬಿಯೆಂಬ ಬಿಳಿಯ ಹೆಣ್ಣುಗುದುರೆ. ವಯಸ್ಸಾದವಳು, ಬಿಸಿಲು ತಾಗಿದ ದಿನ ಮೇವು ಮೂಸಿಯೂ ನೋಡಳು. ನಬಿಸಾಬನಿಗೆ ಲೋಕದಲ್ಲಿದ್ದ ಚಿಂತೆ ಅದೊಂದೇ.

ಹೀಗಿರಲು ಒಂದು ಬೆಳಗ್ಗೆ, ತೈಲಸಿಕ್ತಕುಂತಲನಾದ ತರುಣ ಮಲಕಾಜಪ್ಪನು, ಮದುವೆ ಮೆರವಣಿಗೆಯವರಿಂದ ಹೊಸದಾಗಿ ಕೊಂಡ ಬಹಾದ್ದೂರನೆಂಬ ಕರಿಗುದುರೆಯನ್ನು ಅದೇ ನೆರಳಲ್ಲಿ ತಂದು ನಿಲ್ಲಿಸಿಬಿಟ್ಟನು.

"ತಮ್ಮಾ, ಅದು ನಮ್ಮ ಗುಲಾಬಿ ಜಾಗಾ."

"ಓಡೂ ಕುದುರಿಗಿ ನೆಳ್ಳು, ಕಾಕಾ. ನಿಂದು ನಿಂತಲ್ಲೇ ನಿದ್ದಿ ಹೊಡಿತೈತಿ."

ನಬಿಸಾಬನ ಎದೆಯಲ್ಲಿ ಪ್ರಳಯಾಗ್ನಿ ಭುಗಿಲೆದ್ದಿತು. ಟಾಂಗಾದ ಮೇಲೆ ಎದ್ದು ನಿಂತು ಗರ್ಜಿಸಿದನು: "ಊರಿನ ಬಸುರ್ಯಾರನ್ನೆಲ್ಲಾ ದವಾಖಾನಿಗಿ ಮುಟ್ಟಿಸ್ಯಾಳ ಇಕಿ! ಒಂದ ಕೂಸರೆ ದಾರ್ಯಾಗ ಹುಟ್ಟೇತೇನು?"

"ಬಹಾದ್ದೂರನ ಮ್ಯಾಲಿಂದ ಒಬ್ಬ ಮದಿಮಗಾನೂ ಬಿದ್ದಿಲ್ಲ! ಬಾ, ಟಾಂಗಾ ಬಿಚ್ಚು. ಬೆನ್ನಮ್ಯಾಲೆ ಕುಂತು ನಾಗಾಲೋಟದ ಪಂದ್ಯ ಆಗಲಿ!"

"ಅದ್ಯಾಕ? ದೊಡ್ಡ ಊರಾಗ ಬೇಲಿ ಜಿಗಿಸೂ ಪಂದ್ಯಾನೂ ಇರ್ತಾವ. ಜಿಗಿತೀಯೇನು?"

ಆಗ ಭಜಿ ಅಂಗಡಿಯ ಸಾವಂತ್ರೆವ್ವ, ಕುದಿಯುವ ಎಣ್ಣೆಯಿಂದ ಝಾರಾ ಮೇಲೆತ್ತಿ ತೀರ್ಪಿತ್ತಳು: "ಬೇಲಿ ಜಿಗಿದು ಯಾರ ಕಾಲ ಮುರಕೋತೀರಿ? ನಾಗಾಲೋಟಾ ಅಂದ್ರ ಬಜಾರದಾಗಿನ ಮಂದಿ ಎಲ್ಲಿ ಹೋಗಬೇಕು? ಟಾಂಗಾ ಕಟಗೊಂಡ, ಟಕಟಕ ಹೆಜ್ಜಿ ಹಾಕ್ಕೋತ ಕುಕ್ಕುಲೋಟದಾಗ ಹೋಗ್ರಿ. ಕುದುರಿ ಜಿಗಿದು ಓಡಿತೋ, ಅಂವ ಸೋತಂಗ. ಕೋಟಿ ಅಗಸಿ ಬಾಗಿಲಾ ಮೊದಲ ಮುಟ್ಟಿದಾಂವಗ ಮೊದಲ ಜಾಗಾ."

ಹೊರಟವು ರಥಗಳು! ಧೂಳು ಗಗನವನ್ನಡರಿತು. ಕುಕ್ಕುಲೋಟದಲ್ಲಿ ಪಳಗಿದ ಗುಲಾಬಿ ಮುಂದಾದಳು. ನಬಿಸಾಬನ ಮೀಸೆ ಕುಣಿಯಿತು. ಅಷ್ಟರಲ್ಲಿ ದವಾಖಾನೆ ಬಂದಿತು. ಗುಲಾಬಿ ನಿಂತಳು. ನಿತ್ಯವೂ ಇಲ್ಲಿ ಜನ ಇಳಿಯುವರು, ಹಿಂದಿನ ಭಾರ ಹಗುರಾಗದೆ ಹೆಜ್ಜೆಯೆತ್ತುವುದು ಅವಳ ಧರ್ಮವಲ್ಲ. ಲಗಾಮು ಜಗ್ಗಿದರೂ ಕದಲಳು, ಬೈದರೂ ಕದಲಳು. ಕಡೆಗೆ ಆ ಮಹಾರಥಿಯು ಸೀಟು ದಾಟಿ, ಹಿಂಬದಿಯಿಂದ ಧುಮುಕಿ, "ಇಳದೆ ಯವ್ವಾ, ಇಳದೆ!" ಎಂದು ಕೂಗಿ, ಓಡಿ ಬಂದು ಮುಂದೆ ಹತ್ತಿದನು. ಶಾಲೆಯ ಮುಂದೆ ಮತ್ತೆ ಇಳಿದನು. ಹಾಲಿನ ಡೈರಿಯ ಮುಂದೂ ಇಳಿದನು. ಬಹಾದ್ದೂರನು ಅಗಸಿಯ ಬಳಿ ಕರಿಚುಕ್ಕೆಯಂತೆ ಕಂಡನು. ನೆರಳು ಹೋಯಿತೆಂದು ನಬಿಸಾಬನ ಕಣ್ಣು ತುಂಬಿತು.

ಆ ಗಳಿಗೆಯಲ್ಲೇ ಅಗಸಿಯ ಪಕ್ಕದ ಓಣಿಯಿಂದ ಮದುವೆಯ ಬ್ಯಾಂಡು ಮೊಳಗಿತು!

ಬಹಾದ್ದೂರನಿಗೆ ಪೂರ್ವಜನ್ಮ ನೆನಪಾಯಿತು. ಮುಂಗಾಲೆತ್ತಿದನು, ಕತ್ತು ಕೊಂಕಿಸಿದನು, ನಿಂತಲ್ಲೇ ಕುಣಿಯತೊಡಗಿದನು. "ನಡಿಯೋ ನಮ್ಮಪ್ಪಾ, ನಿನ್ನ ಕಾಲ ಬೀಳ್ತೀನಿ!" ಎಂದು ಮಲಕಾಜಪ್ಪ ಅಂಗಲಾಚುತ್ತಿರಲು, ಬೀಗರು ಬಂದು ಕುದುರೆಯ ಹಣೆಗೆ ಕುಂಕುಮ ಹಚ್ಚಿದರು. ಗುಲಾಬಿ ಟಕಟಕನೆ ಹಾದುಹೋಗಿ ಅಗಸಿಯ ಕಲ್ಲಿಗೆ ಮೂತಿ ಮುಟ್ಟಿಸಿದಳು.

ಜಯಘೋಷದೊಡನೆ ನಿಲ್ದಾಣಕ್ಕೆ ಮರಳುವಾಗ ಮಧ್ಯಾಹ್ನ ದಾಟಿತ್ತು. ದಿನವೂ ಹತ್ತರ ರೈಲಿನ ಜನರನ್ನು ಹತ್ತಿಸಿಕೊಂಡು ಹಾಗೇ ಮನೆ ಸೇರುತ್ತಿದ್ದ ಆ ವೀರರು, ಇಳಿಹೊತ್ತಿನ ಬೇವನ್ನು ಎಂದೂ ಕಂಡವರಲ್ಲ. ಹೊತ್ತು ವಾಲಿದಂತೆ ನೆರಳು ಮೊದಲ ಸ್ಥಾನವನ್ನು ಬಿಟ್ಟು, ಸೋತವನ ಎರಡನೆಯ ಸ್ಥಾನದಲ್ಲಿ ಹಾಯಾಗಿ ಮಲಗಿತ್ತು.

ವಿಜಯಿಯಾದ ನಬಿಸಾಬ ಉರಿಬಿಸಿಲಲ್ಲಿ ಟಾಂಗಾ ನಿಲ್ಲಿಸಿ ಗುಲಾಬಿಯನ್ನು ಬಿಚ್ಚಿದನು. ಅವಳು ದೊರೆಯ ಅಪ್ಪಣೆಗೂ ಕಾಯದೆ ನಡೆದುಹೋಗಿ, ಆ ನೆರಳಲ್ಲಿ ಆಗಲೇ ಬಂದು ನಿಂತಿದ್ದ ಬಹಾದ್ದೂರನ ಮಗ್ಗುಲಿಗೆ ನಿಂತಳು.

"ಕಾಕಾ, ನೀ ಗೆದ್ದ ಜಾಗಾ ಅಲ್ಲೈತಿ."

"ಗೆದ್ದಾಂವ ನಾನಪಾ. ಅಲ್ಲೇ ನಿಂತೀನಿ. ನಿನ್ನ ಕುದುರಿ ಸ್ವಲ್ಪ ಅತ್ಲಾಗ ಸರಿಸು, ಅಕೀ ಬಾಲಕ್ಕ ಬಿಸಲ ಬಡಿಯಾಕತೈತಿ."

ಮಲಕಾಜಪ್ಪ ಸರಿಸಿದನು. ಆದರೆ ಎರಡು ಕುದುರೆ ನಿಂತ ಮೇಲೆ ಮನುಷ್ಯರಿಗೆ ಅಲ್ಲಿ ಎಡೆಯಿರಲಿಲ್ಲ. ಮಹಾರಥಿಗಳಿಬ್ಬರೂ ತಲೆಗೆ ಟವೆಲು ಹೊದ್ದು, ಬಿಸಿಲಲ್ಲಿ ನಿಂತು, ಸಾವಂತ್ರೆವ್ವ ಕೊಟ್ಟ ಆರಿದ ಭಜಿ ತಿಂದರು.

ಈ ಕಥೆ ಕೇಳಿದವರ ಕುದುರೆಗಳಿಗೆ ಸಂಜೆಯತನಕ ನೆರಳು ಸಿಗಲಿ.